ಗಿಟಾರ್ ಪೆಟ್ಟಿಗೆಯಲ್ಲಿ ಶಾಮಿಯಾನದ ಗೂಟ

ಪೆಟ್ಟಿಗೆಯ ಕೊಂಡಿ ಬಿಚ್ಚಿ ಸಲೀಂ ಮುಚ್ಚಳ ಎತ್ತಿದ. ಒಳಗೆ ಗಿಟಾರ್ ಇರಲಿಲ್ಲ. ಹರಿದ ಜಮಖಾನೆಯ ತುಂಡಿನಲ್ಲಿ ಸುತ್ತಿದ ಎರಡು ಮರದ ಗೂಟಗಳಿದ್ದವು. ಶಾಮಿಯಾನದ ಹಗ್ಗ ಕಟ್ಟಲು ನೆಲಕ್ಕೆ ಹೊಡೆಯುತ್ತಾರಲ್ಲ, ಅಂಥವು.

ಸಲೀಂ ಜಮಖಾನೆ ಕೊಡವಿದ. ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿದ. ಗಿಟಾರ್ ಏನು ಸೂಜಿಯೇ, ಮೂಲೆಯಲ್ಲಿ ಸಿಕ್ಕಿಕೊಂಡಿರಲು? ಆದರೂ ತಟ್ಟಿದ. ಕಳೆದುಕೊಂಡವರ ಕೈ ಸುಮ್ಮನಿರುವುದಿಲ್ಲ.

ಇದು ನಡೆದದ್ದು ಕೂಡ್ಲಿಗಿಯಲ್ಲಿ, ೧೯೯೮ರ ಬೇಸಿಗೆಯ ಒಂದು ಗುರುವಾರ ಬೆಳಗ್ಗೆ. ಬಜಾರದಲ್ಲಿ ಬಂಗಾರಪ್ಪನ ಶಾಮಿಯಾನದ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಅವನ ಆರ್ಕೆಸ್ಟ್ರಾ ‘ನವತಾರಾ ಮೆಲೋಡೀಸ್’ನ ಸಾಮಾನು. ವಾದ್ಯಗಳು ಬಂಗಾರಪ್ಪನವು, ಬಾರಿಸುವವರು ಕೂಲಿಯವರು. ಅಂದು ಸಂಜೆ ಹಡಗಲಿಯಲ್ಲಿ ಮದುವೆ ಕಾರ್ಯಕ್ರಮ. ಹೊರಡುವ ಮುಂಚೆ ಶ್ರುತಿ ನೋಡೋಣವೆಂದು ಸಲೀಂ ಪೆಟ್ಟಿಗೆ ತೆರೆದಿದ್ದ.

ಬಂಗಾರಪ್ಪ ಬಂದ, ಗೂಟ ನೋಡಿದ, ಸಲೀಂನ ರಟ್ಟೆ ಹಿಡಿದು ಬೀದಿಗೆ ಎಳೆದುಕೊಂಡು ಬಂದ. ಊರಿಗೆಲ್ಲ ಮೈಕ್ ಬಾಡಿಗೆ ಕೊಡುವ ಮನುಷ್ಯನಿಗೆ ಸ್ವಂತಕ್ಕೆ ಮೈಕ್ ಬೇಕಾಗಲಿಲ್ಲ.

“ನಿನ್ನಿ ದಿನಾ ಎಲ್ಲಿ ಹೋಗಿದ್ದಿಲೇ? ಅರಸೀಕೆರಿಗಂತ. ಗಿಟಾರ ಮಾರಿ ಬಂದು ನನಗ ಗೂಟ ತೋರಿಸ್ತೀಯಾ? ಕಳ್ಳ ಅದಾನ ಇವ, ಎಲ್ಲಾರೂ ನೋಡ್ಕೊಳ್ರಿ.”

ಎದುರಿಗೇ ಜಮಾಲುದ್ದೀನನ ಅಂಗಡಿ. ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ಕಾಯಿಲ್ ಸುತ್ತಿಕೊಡುವುದು ಅವನ ಕಸುಬು. ಸಲೀಂ ಅವನ ಮಗ. ಜಮಾಲುದ್ದೀನ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಕೆಳಗಿಟ್ಟ, ಮೇಲೆದ್ದ, ಶಟರ್ ಎಳೆದ. ಅಂಗಡಿ ಇಟ್ಟ ಅಷ್ಟು ವರ್ಷಗಳಲ್ಲಿ ಶುಕ್ರವಾರದ ನಮಾಜಿನ ಹೊತ್ತು ಬಿಟ್ಟರೆ ಹಗಲಲ್ಲಿ ಆ ಶಟರ್ ಇಳಿದದ್ದನ್ನು ಬಜಾರದವರು ಕಂಡಿರಲಿಲ್ಲ.

*

ಸಬ್ ಇನ್‌ಸ್ಪೆಕ್ಟರ್ ತಿಪ್ಪೇರುದ್ರಮ್ಮನಿಗೆ ಸಂಗೀತವೆಂದರೆ ತಲೆನೋವು. ಅದನ್ನು ಆಕೆ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದವಳು, ಕುರಿ ಸಾಕುವ ಮನೆಯ ಹೆಣ್ಣುಮಗಳು. ನೂರು ಕುರಿಗಳಲ್ಲಿ ತನ್ನದು ಯಾವುದೆಂದು ಮುಖ ನೋಡಿ ಹೇಳುವವಳು. ಮನುಷ್ಯರ ಮುಖ ಅದಕ್ಕಿಂತ ಸುಲಭ ಎಂಬುದು ಅವಳ ನಂಬಿಕೆ.

ಮೊದಲು ಕೋಣೆ ನೋಡಿದಳು. ಬೀಗ ಒಡೆದಿರಲಿಲ್ಲ. ಕಿಟಕಿಯ ಸರಳು ಅಲುಗಾಡಿರಲಿಲ್ಲ. ಕೀಲಿಕೈ ಎರಡೇ. ಒಂದು ಬಂಗಾರಪ್ಪನ ಉಡಿದಾರದಲ್ಲಿ. ಇನ್ನೊಂದು ಸಲೀಂನ ಬಳಿ. ಅವನು ಅದನ್ನು ಅಪ್ಪನ ಅಂಗಡಿಯ ಬಾಗಿಲ ಮೊಳೆಗೆ ತಗುಲಿಹಾಕುವುದು ಇಡೀ ತಂಡಕ್ಕೆ ಗೊತ್ತಿತ್ತು. ಜಮಾಲುದ್ದೀನ ಬಗ್ಗಿ ಕಾಯಿಲ್ ಸುತ್ತುತ್ತಿದ್ದರೆ ಮೊಳೆಯ ಮೇಲಿನ ಕೀಲಿಕೈ ಇರಲಿ, ಮೊಳೆಯನ್ನೇ ಕಿತ್ತೊಯ್ದರೂ ಅವನಿಗೆ ತಿಳಿಯುವುದಿಲ್ಲ.

ಗೂಟಗಳನ್ನು ಕೈಯಲ್ಲಿ ಹಿಡಿದು ತೂಗಿದಳು. ಎರಡೂ ಸೇರಿ ಗಿಟಾರಿನಷ್ಟೇ ಭಾರ ಎಂದ ಸಲೀಂ. ಪೆಟ್ಟಿಗೆ ಎತ್ತಿದವರಿಗೆ ಅನುಮಾನ ಬರಬಾರದೆಂದು ಲೆಕ್ಕ ಹಾಕಿ ಇಟ್ಟದ್ದು. ಗೂಟ ಇದೇ ಕೋಣೆಯದು. ಜಮಖಾನೆಯೂ ಇದೇ ಕೋಣೆಯದು. ಕಳ್ಳ ಹೊರಗಿನಿಂದ ಏನನ್ನೂ ತಂದಿರಲಿಲ್ಲ.

ಅಂಗಡಿಯ ಮುಂದೆ ಚಹಾದವನು, ಪಕ್ಕದಲ್ಲಿ ದರ್ಜಿ, ಎದುರು ಹಣ್ಣಿನ ಗಾಡಿ. ಬುಧವಾರ ಇಡೀ ದಿನ ಮೂವರೂ ಕೂತಲ್ಲೇ ಕೂತಿದ್ದರು. ಹಿಂದಿನ ಕೋಣೆಗೆ ಬೇರೆ ದಾರಿಯಿಲ್ಲ. ಗಿಟಾರಿನಂಥ ವಸ್ತುವನ್ನು ಯಾರೂ ಹೊತ್ತು ಹೋಗಿದ್ದನ್ನು ಅವರು ನೋಡಿರಲಿಲ್ಲ. ಕೋಣೆಗೆ ಯಾರು ಹೋಗಿದ್ದರು ಎಂದು ಕೇಳಿದರೆ, ತಂಡದವರು ದಿನಾ ಹೋಗಿ ಬರುತ್ತಾರೆ, ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದರು.

*

ಠಾಣೆಯಲ್ಲಿ ಮೊದಲು ಸಲೀಂನ ಮಾತು ಕೇಳಿದಳು. ಉದ್ದ ಕೂದಲು, ಬೆರಳ ತುದಿಯಲ್ಲೆಲ್ಲ ವಾರ್ನಿಷ್ ಕಲೆ.

ಗಿಟಾರಿನ ಕಥೆಯನ್ನು ಅವನು ಬುಡದಿಂದ ಹೇಳಿದ. ತಂಡದಲ್ಲಿ ಮೊದಲಿದ್ದದ್ದು ಕಲ್ಕತ್ತಾದ ಹಳೇ ಎಲೆಕ್ಟ್ರಿಕ್ ಗಿಟಾರ್. ಕತ್ತು ಬಾಗಿ, ಬೇಸಿಗೆಗೊಂದು ಶ್ರುತಿ, ಮಳೆಗಾಲಕ್ಕೊಂದು ಶ್ರುತಿ ಆಗಿತ್ತು. ಅದರ ಸುಟ್ಟ ಕಾಯಿಲನ್ನು ಅವನೇ ಸುತ್ತಿದ್ದ. ತಂತಿ ಬಿಗಿಯುವ ಸವೆದ ಕಿವಿಗಳನ್ನು ಬದಲಿಸಿದ್ದ. ಕೊನೆಗೆ ಅವನಿಗೇ ಸಾಕಾಯಿತು. ಬಾಗಿದ ಕತ್ತಿಗೆ ಹೊಸ ಸಾಮಾನು ಹಾಕುವುದು ದಂಡ, ಗಿಟಾರನ್ನೇ ಬದಲಿಸುವುದು ಅಗ್ಗ ಎಂದು ಬಂಗಾರಪ್ಪನ ಬೆನ್ನು ಬಿದ್ದ. ಹೊಚ್ಚ ಹೊಸದು ಕೊಳ್ಳುವ ತಾಕತ್ತು ತಂಡಕ್ಕಿರಲಿಲ್ಲ. ದಾವಣಗೆರೆಯಲ್ಲಿ ಯಾರೋ ಬಳಸಿದ ಜಪಾನ್ ಗಿಟಾರ್ ಮಾರುತ್ತಿದ್ದರು. ಬಣ್ಣ ಹೋಗಿತ್ತು. ಆದರೆ ಕತ್ತು ನೆಟ್ಟಗಿತ್ತು, ಕಾಯಿಲ್ ಗಟ್ಟಿ ಇತ್ತು. ಗಿಟಾರ್ ಕೊಳ್ಳುವಾಗ ನೋಡಬೇಕಾದದ್ದು ಇವೆರಡೇ ಎಂದ ಸಲೀಂ. ಹಳೆಯದನ್ನು ಅದಕ್ಕೇ ಬದಲಿ ಕೊಟ್ಟು, ಬಂಗಾರಪ್ಪ ಸ್ವಲ್ಪ ಹಾಕಿ, ಸಲೀಂ ಆ ವರ್ಷದ ತನ್ನ ಕೂಲಿಯನ್ನೆಲ್ಲ ಬಿಟ್ಟುಕೊಟ್ಟು ತಂದದ್ದು. ಹೀಗಾಗಿ ಗಿಟಾರ್ ಯಾರದು ಎಂದರೆ ಇಬ್ಬರೂ ತಮ್ಮದೇ ಎನ್ನಬಹುದಿತ್ತು.

“ಬುಧವಾರ ಅರಸೀಕೆರಿಗೆ ಯಾಕ ಹೋಗಿದ್ದಿ?” ಎಂದು ಕೇಳಿದಳು.

ಬೆಳಗ್ಗೆ ಅಪ್ಪನ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಅವನಿಗೊಂದು ಫೋನ್ ಬಂದಿತ್ತಂತೆ. ಗುರುತಿಲ್ಲದ ದನಿ, ಬೆಂಗಳೂರು-ಮೈಸೂರು ಕಡೆಯ ಭಾಷೆ. ಗಿಟಾರಿಗೆ ಹೊಂದುವ ಒಳ್ಳೇ ಆಂಪ್ಲಿಫೈಯರ್ ಇದೆ, ಅಗ್ಗಕ್ಕೆ ಕೊಡುತ್ತೇನೆ, ಇವತ್ತೇ ಬಂದರೆ ನಿನಗೆ, ಇಲ್ಲವಾದರೆ ಬೇರೆಯವರಿಗೆ ಎಂದಿತಂತೆ ಆ ದನಿ.

“ವಿಳಾಸ?”

“ಅರಸೀಕೆರಿ, ತೆಂಗಿನಕಾಯಿ ಮಂಡಿ ಪಕ್ಕದ ಮನಿ ಅಂದ್ರು ರೀ. ಬಸ್ ಹತ್ತಿ ಹೋದೆ. ಊರೆಲ್ಲಾ ತಿರುಗಿದೆ, ಮಂಡಿ ಸಿಗಲಿಲ್ಲ. ಜನ ನಕ್ರು. ಸಂಜಿ ಬಸ್ಸಿಗೆ ಬಂದುಬಿಟ್ಟೆ. ಕೈಯಾಗ ಏನೂ ಒಯ್ದಿಲ್ಲ ರೀ, ಬರೇ ಕೈಲೆ ಹೋಗಿದ್ದೆ.”

ತಿಪ್ಪೇರುದ್ರಮ್ಮ ಅವನನ್ನೇ ದಿಟ್ಟಿಸಿ ನೋಡಿದಳು. ಅರಸೀಕೆರೆ ಅವಳದೇ ತಾಲ್ಲೂಕಿನ ಊರು. ಸಂತೆಗೆ ಅಪ್ಪನ ಜೊತೆ ಎಷ್ಟೋ ಸಲ ಹೋಗಿದ್ದಳು. ಜೋಳ ಉಂಟು, ಶೇಂಗಾ ಉಂಟು. ತೆಂಗಿನಕಾಯಿ ಮಂಡಿ ಎಲ್ಲಿಂದ ಬರಬೇಕು? ಹುಡುಗ ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿತು. ಸುಳ್ಳು ಹೇಳುವವನು ಇಷ್ಟು ಪೆದ್ದು ಸುಳ್ಳನ್ನು ಯಾಕೆ ಹೇಳುತ್ತಾನೆ ಎಂದೂ ಅನ್ನಿಸಿತು. ಅವನನ್ನು ಲಾಕಪ್ಪಿಗೆ ಹಾಕಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂರಿಸಿದಳು.

*

ಆಮೇಲೆ ಉಳಿದವರು. ಬಂಗಾರಪ್ಪ ಹೇಳಿದ್ದನ್ನೇ ಹೇಳಿದ. ಕಳೆದದ್ದು ಕಳೆಯಿತು, ಇನ್ನು ಗಿಟಾರಿಗೆ ಒಂದು ಬಿಡಿಗಾಸನ್ನೂ ಹಾಕುವುದಿಲ್ಲ, ಗಿಟಾರಿಲ್ಲದೆ ಸಲೀಂ ತಂಡಕ್ಕೆ ಬೇಕಾಗಿಯೂ ಇಲ್ಲ ಎಂದ. ಮೊದಲಿಂದಲೂ ಆ ಖರ್ಚಿನ ಮೇಲೆ ಅವನಿಗೆ ಸಿಟ್ಟಿತ್ತು. ಕೀಲಿಕೈ ಸದಾ ಉಡಿದಾರದಲ್ಲಿತ್ತು. ಅವನನ್ನೂ ಅವಳು ಅನುಮಾನದ ಪಟ್ಟಿಯಿಂದ ತೆಗೆಯಲಿಲ್ಲ.

ಮೈಲಾರೇಶ್ ಡ್ರಮ್ ಬಾರಿಸುವವನು, ಹಿರೇಹಡಗಲಿಯವನು. ಬುಧವಾರ ಊರಲ್ಲೇ ಇರಲಿಲ್ಲ ಎಂದ. ದರ್ಜಿಯನ್ನು ಮತ್ತೆ ಕೇಳಿದಾಗ ಅವನನ್ನು ಮಧ್ಯಾಹ್ನ ಅಂಗಡಿಯಲ್ಲಿ ಕಂಡದ್ದು ಅವನಿಗೆ ನೆನಪಾಗಿತ್ತು. ಕೆದಕಿದಾಗ ಮೈಲಾರೇಶ್ ಬೆವತುಬಿಟ್ಟ. ಹರಪನಹಳ್ಳಿಯ ಬೇರೊಂದು ತಂಡಕ್ಕೆ ಗುಟ್ಟಾಗಿ ಮಾತು ಕೊಟ್ಟಿದ್ದ, ಮೊಳೆಯಿಂದ ಕೀಲಿಕೈ ತೆಗೆದು ತನ್ನ ಸ್ವಂತದ ಕಂಚಿನ ತಾಳಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಒಯ್ದಿದ್ದ. ಬೇಡಿಕೊಂಡ, ಬಂಗಾರಪ್ಪನಿಗೆ ಹೇಳಬೇಡಿ ಎಂದು. ತಾಳ ಅಂಗಿಯಲ್ಲಿ ಹಿಡಿಯುತ್ತದೆ. ಗಿಟಾರ್ ಹಿಡಿಯುವುದಿಲ್ಲ.

ಮೂರನೆಯವನು ಗಂಗಪ್ಪ. ಕೀಬೋರ್ಡ್ ಬಾರಿಸುವವನು, ಎಲ್ಲರಿಗೂ ಗಂಗಾ ಮಾಸ್ಟರ್. ಹಿಂದೆ ಯಾವುದೋ ನಾಟಕ ಕಂಪನಿಯ ಜೊತೆ ಕೊಟ್ಟೂರಿಗೆ ಬಂದಿದ್ದ. ಕಂಪನಿ ಮುಚ್ಚಿತು, ಮಾಸ್ಟರು ಉಳಿದರು. ಇಸ್ತ್ರಿ ಮಾಡಿದ ಅಂಗಿ, ನಗುಮುಖ, ಮಾತಿಗೆ ಮುಂಚೆ ‘ಬರ್ರಿ, ಕುಂದರ್ರಿ’. ಅವನ ಭಾಷೆ ಕೇಳಿದರೆ ಕೂಡ್ಲಿಗಿಯಲ್ಲೇ ಹುಟ್ಟಿದವರು ನಾಚಬೇಕು.

ಸಲೀಂ ಬಗ್ಗೆ ಅವನಿಗೆ ಬಹಳ ಮರುಕ. ಹುಡುಗ ಒಳ್ಳೆಯವನೇ, ಆದರೆ ಆಸೆ ಜಾಸ್ತಿ ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದ.

“ಅರಸೀಕೆರಿಗೆ ಹೋಗಿ ಅವತ್ತ ಸಂಜಿಗೆ ಬಂದೆ ಅಂತಾನ. ಅರಸೀಕೆರಿ ಏನು ಹಿತ್ತಲದಾಗ ಐತೇನ್ರೀ ಮೇಡಂ? ಅವ ಹೋಗೇ ಇಲ್ಲ, ಬರಕೊಳ್ರಿ ಬೇಕಾದ್ರ.”

ಬಸ್ಸು ಸರಿಯಾಗಿಲ್ಲದ ದಾರಿ, ಒಗ್ಗರಣೆ ಹಾಕಿ ಹೇಳುತ್ತಿದ್ದಾನೆ ಎಂದುಕೊಂಡಳು ತಿಪ್ಪೇರುದ್ರಮ್ಮ. ಸಲೀಂನನ್ನು ಬಿಟ್ಟು ಉಳಿದ ತಂಡದವರನ್ನು ಹಡಗಲಿಗೆ ಹೋಗಲು ಬಿಟ್ಟಳು. ಮದುವೆ ಮನೆಯವರಿಗೆ ಯಾಕೆ ತೊಂದರೆ?

*

ಶುಕ್ರವಾರ ಜೀಪು ತೆಗೆದುಕೊಂಡು ತಾನೇ ಅರಸೀಕೆರೆಗೆ ಹೋದಳು. ಬಸ್ ನಿಲ್ದಾಣದ ಎದುರು ಕರಿಸಿದ್ದಪ್ಪನ ಹೋಟೆಲ್. ಉದ್ದ ಕೂದಲಿನ ಹುಡುಗ ಎಂದದ್ದೇ ತಡ, ಅವನು ನಗತೊಡಗಿದ.

“ಬಂದಿದ್ದ ರೀ. ಬರೇ ಕೈಲೆ ಬಂದಿದ್ದ. ತೆಂಗಿನಕಾಯಿ ಮಂಡಿ ಎಲ್ಲೈತಿ ಅಂತ ಕಂಡೋರನ್ನೆಲ್ಲಾ ಕೇಳಿದ. ನಮ್ಮೂರಾಗ ಕಾಯಿ ಬೇಕಂದ್ರ ಕಿರಾಣಿ ಅಂಗಡ್ಯಾಗ ತಗೋಬೇಕು, ಮಂಡಿ ಎಲ್ಲಿಂದ ತರೂಣು?”

ಅವನು ಚಹಾ ತಂದಿಟ್ಟ. ಹೋಗಲಿ ಬಿಡಿ, ಹೀಗೆ ಆಗುತ್ತಿರುತ್ತದೆ, ನಮಗೆ ಬರಬೇಕಾದ ಕಾಗದಗಳೂ ಎಷ್ಟೋ ಸಲ ಆ ಕಡೆಯ ಅರಸೀಕೆರೆಗೆ ಹೋಗಿ ಸುತ್ತಾಡಿ ಬರುತ್ತವೆ ಎಂದ.

ತಿಪ್ಪೇರುದ್ರಮ್ಮ ಲೋಟವನ್ನು ಬಾಯಿಯ ತನಕ ತಂದವಳು ಕೆಳಗಿಟ್ಟಳು. ಆ ಕಡೆಯ ಅರಸೀಕೆರೆ. ಹಾಸನ ಜಿಲ್ಲೆಯದು. ರೈಲು ಜಂಕ್ಷನ್, ಸುತ್ತ ತೆಂಗಿನ ತೋಟ, ಊರ ತುಂಬ ಕಾಯಿ-ಕೊಬ್ಬರಿ ವ್ಯಾಪಾರ. ಕೂಡ್ಲಿಗಿಯಿಂದ ಹೊರಟರೆ ಅವತ್ತೇ ವಾಪಸ್ಸಾಗುವ ಮಾತಿಲ್ಲ.

ಅವಳಿಗೆ ಖುಷಿಯಾಯಿತು. ಒಳ್ಳೇ ಖುಷಿ. ಚಹಾ ಮುಗಿಸಿ ಇನ್ನೊಂದು ಲೋಟ ತರಿಸಿ ಕುಡಿದಳು.

*

ಶನಿವಾರ ಬೆಳಗ್ಗೆ ಎಲ್ಲರನ್ನೂ ಹಿಂದಿನ ಕೋಣೆಗೆ ಕರೆಸಿದಳು. ಬಂಗಾರಪ್ಪ, ಮೈಲಾರೇಶ್, ಗಂಗಪ್ಪ. ಸಲೀಂನನ್ನು ಬಾಗಿಲ ಬಳಿ ನಿಲ್ಲಿಸಿದಳು. ಮೊದಲು ಹಡಗಲಿಯ ಕಾರ್ಯಕ್ರಮ ಹೇಗಾಯಿತು ಎಂದು ವಿಚಾರಿಸಿದಳು. ಸಂಗೀತದ ವಿಷಯ ಅವಳು ತಾನಾಗಿ ಕೇಳಿದ್ದು ಬಹುಶಃ ಅದೇ ಮೊದಲು.

ಗಿಟಾರ್ ಇಲ್ಲದ್ದು ಗೊತ್ತೇ ಆಗಲಿಲ್ಲ, ಮಾಸ್ಟರು ಕೀಬೋರ್ಡಿನಲ್ಲೇ ಅದರ ದನಿ ತೆಗೆದರು ಎಂದ ಬಂಗಾರಪ್ಪ. ಮೈಲಾರೇಶ್ ಮುಖ ಸಿಂಡರಿಸಿದ. ಅವನಿಗೆ ಬೇರೊಂದು ದೂರು ಇತ್ತು. ದೊಡ್ಡ ಬೇಸ್ ಸ್ಪೀಕರಿನ ಡಬ್ಬಾ ಕೆಟ್ಟಿದೆ, ಡ್ರಮ್ಮಿಗೆ ಒದ್ದರೆ ಹೊಟ್ಟೆಗೆ ಗುದ್ದಿದಂತೆ ಕೇಳಬೇಕು, ಅವತ್ತು ಹಾಸಿಗೆಗೆ ಗುದ್ದಿದಂತೆ ಕೇಳಿತು ಎಂದ. ಮಾಸ್ಟರಿಗೆ ಹೇಳಿದರೆ ವೈರು ಸಡಿಲವಾಗಿದೆ, ಆಮೇಲೆ ನೋಡೋಣ ಅಂದರಂತೆ.

ತಿಪ್ಪೇರುದ್ರಮ್ಮ ತಲೆಯಾಡಿಸಿದಳು. ಗೋಡೆಗೆ ನಿಲ್ಲಿಸಿದ್ದ ಆ ಡಬ್ಬಾದ ಮೇಲೆ ಕೈಯಿಟ್ಟು ಒರಗಿ ನಿಂತಳು. ಆಮೇಲೆ, ತನಗೆ ಅರಸೀಕೆರೆಯಲ್ಲಿ ಸಣ್ಣದೊಂದು ಕೆಲಸವಿದೆ, ಈಗ ಹೊರಟರೆ ಯಾವಾಗ ವಾಪಸ್ಸು ಬರಬಹುದು ಎಂದು ಕೇಳಿದಳು.

“ಹರಪನಹಳ್ಳಿ ಬಸ್ ಹಿಡೀರಿ, ದೀಪ ಹಚ್ಚೂದ್ರಾಗ ಮನ್ಯಾಗ ಇರ್ತೀರಿ” ಎಂದ ಬಂಗಾರಪ್ಪ.

ಮೈಲಾರೇಶ್ ಕೂಡ ಅದನ್ನೇ ಹೇಳಿದ. ಗಂಗಪ್ಪನ ನಗು ಮುಖದ ಮೇಲೇ ಇತ್ತು, ಕಣ್ಣು ಮಾತ್ರ ಒಬ್ಬರಿಂದ ಇನ್ನೊಬ್ಬರ ಕಡೆ ಓಡುತ್ತಿತ್ತು.

“ಮಾಸ್ಟರ್, ನೀವೇನಂತೀರಿ? ಗುರುವಾರ ನನಗ ಬ್ಯಾರೆ ಹೇಳಿದ್ರಿ. ಹೋಗಿ ಅವತ್ತ ಬರಾಕ ಆಗಂಗಿಲ್ಲ ಅಂದ್ರಿ.”

ಬಸ್ಸು ಕೆಟ್ಟು ನಿಂತರೆ ಹಾಗಾಗಬಹುದು ಎಂದು ಅಂದಿದ್ದೆ ಎಂದ ಗಂಗಪ್ಪ.

“ಇಲ್ಲ. ನಿಮ್ಮ ತಲಿಯೊಳಗ ಇರೋ ಅರಸೀಕೆರಿನೇ ಬ್ಯಾರೆ. ನಾಲಿಗಿಗೆ ನಮ್ಮ ಭಾಷಿ ಕಲಿಸಿದ್ರಿ. ಊರಿನ ಹೆಸರು ಕೇಳಿದ್ರ ಮನಸ್ಸು ಮಾತ್ರ ಇನ್ನೂ ಹಾಸನದ ಕಡೆ ನಿಮ್ಮ ಸೀಮಿಗೇ ಹೊಕ್ಕೈತಿ.”

ಅವಳು ಕಾನ್‌ಸ್ಟೆಬಲ್‌ನ ಕಡೆ ನೋಡಿದಳು. ಅವನು ಡಬ್ಬಾವನ್ನು ತಿರುಗಿಸಿ ಹಿಂದಿನ ಹಲಗೆಯ ಸ್ಕ್ರೂಗಳನ್ನು ಬಿಚ್ಚಿದ. ಹಲಗೆ ಹೊರಬಂತು. ಒಳಗೆ ಹರಿದ ಜಮಖಾನೆಯ ಇನ್ನೊಂದು ಅರ್ಧ. ಅದರಲ್ಲಿ ಗಿಟಾರಿನ ಒಡಲು ಒಂದು ಕಡೆ, ಕತ್ತು ಒಂದು ಕಡೆ. ಸಲೀಂ ಎರಡು ಹೆಜ್ಜೆ ಮುಂದೆ ಬಂದು ನೆಲದ ಮೇಲೆ ಕೂತುಬಿಟ್ಟ.

*

ಅವಳು ವಿವರಿಸಿದ್ದು ಹೀಗೆ. ಗಿಟಾರ್ ಹೊರಗೆ ಹೋದದ್ದನ್ನು ಯಾರೂ ನೋಡಿಲ್ಲ. ಹಾಗಿದ್ದರೆ ಅದು ಹೋಗಿಲ್ಲ. ಅವಳಪ್ಪ ಕುರಿ ಕಾಣದಾದಾಗ ಅಡವಿಗೆ ಓಡುವ ಮುಂಚೆ ಹಟ್ಟಿಯನ್ನೇ ಇನ್ನೊಮ್ಮೆ ಎಣಿಸುತ್ತಿದ್ದ. ಗುರುವಾರ ಅವಳು ಪೆಟ್ಟಿಗೆ, ಚೀಲ, ಗಂಟು ಎಲ್ಲ ನೋಡಿದ್ದಳು. ಆದರೆ ಇಡೀ ಗಿಟಾರಿಗೆ ಜಾಗ ಹುಡುಕಿದ್ದಳು. ಅದರ ಕತ್ತು ನಾಲ್ಕು ಸ್ಕ್ರೂ ಬಿಚ್ಚಿದರೆ ಕಳಚಿಕೊಳ್ಳುತ್ತದೆ ಎಂದು ಸಲೀಂ ಹೇಳಿದ್ದು ನಿನ್ನೆ, ಅವಳು ಅರಸೀಕೆರೆಯಿಂದ ವಾಪಸ್ಸು ಬಂದು ಕೇಳಿದಾಗ. ತಂದ ದಿನವೇ ಅವನು ತಂಡದ ಎಲ್ಲರಿಗೂ ಅದನ್ನು ಬಿಚ್ಚಿ ತೋರಿಸಿದ್ದ. ಇನ್ನು ಡಬ್ಬಾದ ದೂರನ್ನು ಮೈಲಾರೇಶ್ ಈಗ ಹೇಳಿದ. ಹೊಟ್ಟೆ ತುಂಬಿದ ಡಬ್ಬಾ ದನಿ ಬಿಡುವುದು ಹೇಗೆ?

ಉಳಿದದ್ದು ಫೋನ್. ಫೋನ್ ಮಾಡಿದವನಿಗೆ ಸಲೀಂ ಎರಡು ದಿನ ಊರಲ್ಲಿ ಇರಬಾರದಿತ್ತು. ಗುರುವಾರ ಸಂಜೆ ಹಡಗಲಿಯ ವೇದಿಕೆಯಲ್ಲಿ ಪೆಟ್ಟಿಗೆ ತೆರೆಯಬೇಕು, ಗೂಟ ಕಾಣಬೇಕು, ಸಲೀಂನ ಪತ್ತೆಯಿರಬಾರದು. ಗಿಟಾರ್ ಹೊತ್ತು ಓಡಿಹೋದ ಎಂದು ಊರೇ ತೀರ್ಮಾನ ಕೊಡುತ್ತಿತ್ತು. ಅದಕ್ಕೆ ತೆಂಗಿನಕಾಯಿ ಮಂಡಿಯ ಅರಸೀಕೆರೆ. ಆದರೆ ಕೂಡ್ಲಿಗಿಯ ಹುಡುಗನಿಗೆ ಅರಸೀಕೆರೆ ಎಂದರೆ ಹರಪನಹಳ್ಳಿಯ ಆಚೆಗಿನದು, ಅದೊಂದೇ. ಅವನು ಅಲ್ಲಿಗೆ ಹೋದ, ಸಂಜೆಗೆ ಬಂದ. ಹಾಸನದ ಕಡೆಯದೆಂದು ಗೊತ್ತಿದ್ದರೆ ಕಾರ್ಯಕ್ರಮದ ಹಿಂದಿನ ದಿನ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ. ಅವನು ಬೇಗ ಬಂದದ್ದೇ ಸುಳ್ಳಿಗೆ ಸಾಕ್ಷಿ ಎಂದು ಹೇಳಿದವರು ಈ ಕೂಡ್ಲಿಗಿಯಲ್ಲಿ ಒಬ್ಬರೇ.

ಬಂಗಾರಪ್ಪ ಗಂಗಪ್ಪನ ಕಡೆ ತಿರುಗಿ, ಯಾಕ್ರೀ ಮಾಸ್ಟರ್ ಎಂದ. ಅವನ ದನಿ ಮೊದಲ ಸಲ ಸಣ್ಣದಾಗಿತ್ತು.

ಗಂಗಪ್ಪನ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಾಯಿ ಬಿಟ್ಟಾಗ ಬಂದದ್ದು ಕೂಡ್ಲಿಗಿಯ ಭಾಷೆಯಲ್ಲ.

“ನಾಲ್ಕು ವರ್ಷದಿಂದ ಕೇಳ್ತಿದೀನಿ, ಒಂದು ದೊಡ್ಡ ಕೀಬೋರ್ಡ್ ಕೊಡಿಸಿ ಅಂತ. ಎಲ್ಲಾ ವಾದ್ಯಾನೂ ಅದರಲ್ಲೇ ಬರುತ್ತೆ ಅಂತ. ದುಡ್ಡಿಲ್ಲ ಅಂದ್ರಿ. ಇವನು ಕೇಳಿದ್ರೆ ಗಿಟಾರ್ ಬಂತು. ಅದೊಂದು ಇಲ್ದೇ ಇದ್ರೆ ಮುಂದಿನ ಸಲ ನನ್ನ ಸರದಿ ಬರ್ತಿತ್ತು. ಅದನ್ನ ಮಾರೋನಲ್ಲ ನಾನು. ಒಡೆಯೋನೂ ಅಲ್ಲ.”

ಸಲೀಂ ನೆಲದಿಂದ ತಲೆಯೆತ್ತಿದ.

“ಫೋನಿನ್ಯಾಗ ಮಾತಾಡಿದ್ದು ಈ ದನಿನೇ ರೀ” ಎಂದ.

ಅಷ್ಟು ವರ್ಷ ಜೊತೆಯಲ್ಲಿ ಬಾರಿಸಿದ್ದರೂ ಮಾಸ್ಟರ್ ತನ್ನ ಹುಟ್ಟಿದ ಭಾಷೆಯಲ್ಲಿ ಮಾತಾಡಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ವೇಷ ಹಾಕಲು ಅವನಿಗೆ ಅದಕ್ಕಿಂತ ಒಳ್ಳೇ ದನಿ ಬೇಕಿರಲಿಲ್ಲ. ಗಂಗಪ್ಪ ಕಾನ್‌ಸ್ಟೆಬಲ್‌ನ ಜೊತೆ ತಾನಾಗಿಯೇ ನಡೆದು ಹೋದ.

*

ಬಂಗಾರಪ್ಪ ಸಲೀಂನ ಹೆಗಲ ಮೇಲೆ ಕೈಯಿಟ್ಟು, ಆದದ್ದಾಯಿತು, ಸೋಮವಾರ ಕೊಟ್ಟೂರಿನಲ್ಲಿ ಕಾರ್ಯಕ್ರಮ ಇದೆ, ಬಾ ಎಂದ. ಅಷ್ಟಕ್ಕೇ ಎಲ್ಲ ಮುಗಿಯಿತು ಎಂಬಂತೆ ಅಂಗಡಿಯ ಒಳಗೆ ಹೊರಟ.

ತಿಪ್ಪೇರುದ್ರಮ್ಮ ಅವನ ದಾರಿಗೆ ಅಡ್ಡ ನಿಂತಳು. ಅವಳಿಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ. ಕಳ್ಳ ಅಂದದ್ದು ಕೋಣೆಯಲ್ಲಲ್ಲ, ಬೀದಿಯಲ್ಲಿ. ಅಲ್ಲ ಅನ್ನುವುದೂ ಬೀದಿಯಲ್ಲೇ ಆಗಲಿ ಎಂದಳು.

ಬಂಗಾರಪ್ಪ ಬಜಾರದ ನಡುವೆ ಬಂದು ನಿಂತ. ಚಹಾದವನು, ದರ್ಜಿ, ಹಣ್ಣಿನ ಗಾಡಿಯವನು, ಕೊಳ್ಳಲು ಬಂದವರು, ಎಲ್ಲರೂ ಇದ್ದರು. ಶಟರ್ ಇಳಿದಿದ್ದ ಅಂಗಡಿಯ ಎದುರು ಅವನು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದ.

“ಜಮಾಲಣ್ಣ, ನಿನ್ನ ಮಗ ಕಳ್ಳ ಅಲ್ಲ. ತಪ್ಪು ನಂದೈತಿ. ಎಲ್ಲಾರೂ ಕೇಳ್ರಿ, ತಪ್ಪು ನಂದೈತಿ.”

ಈ ಸಲವೂ ಅವನಿಗೆ ಮೈಕ್ ಬೇಕಾಗಲಿಲ್ಲ. ಒಳಗಿನಿಂದ ಶಟರ್ ಮೊಣಕಾಲ ಮಟ್ಟ ಎದ್ದಿತು, ನಿಂತಿತು, ಪೂರ್ತಿ ಎದ್ದಿತು. ಜಮಾಲುದ್ದೀನ ಬಂಗಾರಪ್ಪನನ್ನು ನೋಡಲಿಲ್ಲ. ಮಗನನ್ನು ನೋಡಿದ. ಅವನ ಕಣ್ಣು ಕೆಂಪಾಗಿತ್ತು. ಮೋಟಾರುಗಳು ಹಾಗೇ ಬಿದ್ದಿವೆ, ರೈತರು ಕಾಯುತ್ತಿದ್ದಾರೆ, ಒಳಗೆ ಬಾ ಎಂದ.

ಸಲೀಂ ಗಿಟಾರಿನ ಎರಡು ಭಾಗಗಳನ್ನೂ ಎದೆಗೆ ಅವಚಿಕೊಂಡು ಅಪ್ಪನ ಅಂಗಡಿಯ ಮೆಟ್ಟಿಲು ಹತ್ತಿದ. ಬಂಗಾರಪ್ಪ ಹಿಂದಿನಿಂದ ಕೂಗಿ, ಅದನ್ನು ಪೆಟ್ಟಿಗೆಗೆ ಹಾಕಿ ಕೋಣೆಯಲ್ಲಿಡು ಎಂದ. ಸಲೀಂ ತಿರುಗಿ ನಿಂತ.

“ಸೋಮವಾರ ಕೊಟ್ಟೂರಿಗೆ ಬರ್ತೀನ್ರಿ. ಬಾರಿಸ್ತೀನಿ. ಗಿಟಾರ ಮಾತ್ರ ಇವತ್ತಿಂದ ನಮ್ಮನ್ಯಾಗ ಇರ್ತೈತಿ.”

ಬಜಾರವೆಲ್ಲ ಬಂಗಾರಪ್ಪನ ಬಾಯನ್ನೇ ನೋಡುತ್ತಿತ್ತು. ಅವನು ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿಕೊಂಡ. ಆಗಲಿ ಎಂದ.